ಧಾತು-ಈಶ್ವರ ಕ್ಷಾಮವೂ ಫಡಕೆಯ ದಂಗೆಯೂ

ಮಳೆಯ ವ್ಯತ್ಯಾಸವು ರಾಜ್ಯಕ್ಷೋಭೆಗೆ ಎಷ್ಟುಮಟ್ಟಿಗೆ ಕಾರಣವಾಗಬಲ್ಲುದೆಂಬುದಕ್ಕೆ ಧಾತು-ಈಶ್ವರ ಸಂವತ್ಸರಗಳ (1876–78) ಕ್ಷಾಮವು ಒಳ್ಳೆಯ ನಿದರ್ಶನ. 1876ರಲ್ಲಿ ದಖ್ಖಣದ ಮಳೆ ತಪ್ಪಿತು. ಕಲಾದಗಿ, ಧಾರವಾಡ, ಬಳ್ಳಾರಿ ಸೀಮೆಗಳಲ್ಲಿ ಬೆಳೆಯು ಒಣಗಿತು. ಶಾಂತಸಾಗರದ ಮೇಲ್ನೀರು ಅಸಾಧಾರಣವಾಗಿ ಕಾಯುವ ‘ಎಲ್ ನಿನೊ’ ವಿಕಾರವು 1877ರಲ್ಲಿ ಅತಿಪ್ರಬಲವಾಗಿದ್ದಿತೆಂದು ಹವಾಶಾಸ್ತ್ರಜ್ಞರು ನಿರ್ಣಯಿಸಿರುವರು.

ಆದರೆ ಬರಗಾಲವೊಂದೇ ದಂಗೆಯನ್ನೆಬ್ಬಿಸದು. ಹಸಿದವನು ಮೊದಲು ಬೇಡುವನು, ಬಳಿಕ ಗುಳೆ ಹೋಗುವನು. ಆಳುವವರು ಕೈಬಿಟ್ಟರೆಂದು ತೋರಿದಾಗಲೇ ತಿರುಗಿಬೀಳುವನು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ಲನು ಪರಿಹಾರದ ಕೂಲಿಯನ್ನು ಕುಗ್ಗಿಸಿ, ಧಾನ್ಯವನ್ನು ದಿನಕ್ಕೆ 1 ಪೌಂಡಿಗೆ ಇಳಿಸಲು, ಮುಂಬಯಿ ಆಧಿಪತ್ಯದಲ್ಲಿ ಬಹುಮಂದಿ ಕೂಲಿಕಾರರು ಕೆಲಸವನ್ನು ತೊರೆದರು; ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಸರಕಾರಕ್ಕೆ ಮೊರೆಯಿಟ್ಟಿತು.

ಪುಣೆಯ ಸೈನ್ಯದ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ ವಾಸುದೇವ ಬಲವಂತ ಫಡಕೆಯು ಈ ಸಂಕಟದಿಂದ ಕೆರಳಿ, 1879ರಲ್ಲಿ ರಾಮೋಶಿಗಳನ್ನು ಕೂಡಿಸಿ, ಸಾಹುಕಾರರನ್ನು ಸುಲಿದು, ಸರಕಾರಕ್ಕೆ ಇದಿರಾಗಿ ನಿಂತನು. ಅದೇ ಜುಲೈಯಲ್ಲಿ ಕಲಾದಗಿ ಜಿಲ್ಲೆಯಲ್ಲಿಯೇ ಸೆರೆಸಿಕ್ಕಿ, 1883ರಲ್ಲಿ ಏಡನ್ನಿನಲ್ಲಿ ಮಡಿದನು.

ಹವಾಗುಣವೇ ಮಾರ್ಪಡುತ್ತಿರುವ ಇಂದಿನ ದಿನಗಳಲ್ಲಿ ಈ ಭೇದವು ಸ್ಮರಣೀಯ. ಮಳೆಯ ಕೊರತೆಯು ಹಸಿವನ್ನು ತರುವುದು; ಆ ಹಸಿವು ಆಕ್ರೋಶವಾಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆಳುವವರ ನಡೆಯನ್ನು ಅವಲಂಬಿಸಿರುವುದು.