ಕಾಂಗ್ರೆಸ್ ಕಸ, ಪ್ಯಾಚ್ ಪರೀಕ್ಷೆ ಮತ್ತು ಒಂದು ‘ನೆಗೆಟಿವ್’ ವರದಿ

ಸಾಹಿತ್ಯದ ವಿದ್ಯಾರ್ಥಿನಿ ಚರ್ಮರೋಗದ ಚರಿತ್ರೆಗೆ ಯಾಕೆ ಕೈಹಾಕಿದಳು ಅಂತ ನೀವು ಕೇಳಬಹುದು. ನಮ್ಮೂರು ಅಕ್ಕಲಕೋಟದ ಕಡೆ. ನಮ್ಮ ಮುತ್ಯಾಗೆ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ವರ್ಷಗಟ್ಟಲೆ ತುರಿಕೆ. ದವಾಖಾನೆಯಲ್ಲಿ ಪ್ಯಾಚ್ ಪರೀಕ್ಷೆ ಮಾಡಿದರು, ‘ನೆಗೆಟಿವ್’ ಬಂತು. “ಕಸದ್ದೇನೂ ತಪ್ಪಿಲ್ಲಂತವಾ” ಅಂತ ಮುತ್ಯಾ ಮತ್ತೆ ಹೊಲಕ್ಕಿಳಿದ್ರು. ಆಗ ಅವರು ದಿನಾ ಸ್ಟಿರಾಯ್ಡ್ ಗುಳಿಗೆ ನುಂಗುತ್ತಿದ್ದರು. ಔಷಧ ನಡೆದಿದೆಯಾ ಅಂತ ಮರಾಠಿಯಲ್ಲಿ ಕೇಳಿದ್ದಕ್ಕೆ ಹಚ್ಚೋ ಮುಲಾಮಿನ ಹೆಸರಷ್ಟೇ ಹೇಳಿದ್ದರಂತೆ.

ಕಾಂಗ್ರೆಸ್ ಕಸ ಅಂದರೆ ಪಾರ್ಥೇನಿಯಂ, ಮರಾಠಿಯ ಗಾಜರ ಗವತ. ಅಮೆರಿಕ ಖಂಡದ ಗಿಡ. 1950ರ ದಶಕದ ನಡುವೆ ಪುಣೆಯಲ್ಲಿ ಸಸ್ಯಶಾಸ್ತ್ರಜ್ಞರ ಕಣ್ಣಿಗೆ ಬಿತ್ತು; 1970ರ ದಶಕದಲ್ಲಿ ಪುಣೆ, ಬೆಂಗಳೂರುಗಳ ಸಂಶೋಧಕರು ಇದರಿಂದಾಗುವ ಚರ್ಮರೋಗವನ್ನು ವಿವರಿಸಿದರು. ಮುಖ್ಯ ಅಪರಾಧಿ ಪಾರ್ಥೆನಿನ್ ಎಂಬ ರಾಸಾಯನಿಕ.

ಪರೀಕ್ಷೆ ಇದಕ್ಕಿಂತ ಹಳೆಯದು. 1895ರಲ್ಲಿ ಜೋಸೆಫ್ ಯಾಡಾಸೋನ್, ಪಾದರಸದ ಮದ್ದು ಒಗ್ಗದ ರೋಗಿಯ ಚರ್ಮಕ್ಕೆ ಅದೇ ಪಾದರಸವನ್ನು ಹಚ್ಚಿ ತೋರಿಸಿದ. ಹೇಳಿದ್ದು ಗ್ರಾಜ್ ನಗರದ ಚರ್ಮವೈದ್ಯರ ಕಾಂಗ್ರೆಸ್ಸಿನಲ್ಲಿ (ಹೆಸರು ಕೂಡಿಬಂದದ್ದು ಕಾಕತಾಳೀಯ!). ಇವತ್ತೂ ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ನೋಡ್ತಾರೆ, ಒಂದೆರಡು ದಿನ ಬಿಟ್ಟು ಮತ್ತೆ ನೋಡ್ತಾರೆ. ಈ ತಡವಾದ ಪ್ರತಿಕ್ರಿಯೆಯನ್ನು ಒಯ್ಯುವುದು ರಕ್ತದ ಸೀರಮ್ ಅಲ್ಲ, ಜೀವಕೋಶಗಳು ಎಂಬುದಕ್ಕೆ 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಗಿನಿಯಿಲಿಗಳಲ್ಲಿ ಪುರಾವೆ ಕೊಟ್ಟರು.

ತೊಡಕು ಇಲ್ಲೇ ಇದೆ. ಪ್ರತಿರಕ್ಷೆಯನ್ನು ತಗ್ಗಿಸುವ ಔಷಧಗಳು ಹಿಡಿಯುವುದು ಇದೇ ಜೀವಕೋಶಗಳನ್ನು. ಅಂಗಾಂಗ ಕಸಿಯಲ್ಲಿ ಹೆಸರಾದ ಅಜಾಥಯೋಪ್ರಿನ್ ನಮ್ಮ ದೇಶದಲ್ಲಿ ಪಾರ್ಥೇನಿಯಂ ರೋಗಿಗಳಿಗೂ ಬಂತು. ಅಂದರೆ ಪರೀಕ್ಷೆ ಯಾರಿಗೆ ಬೇಕೋ ಅವರೇ ಗುಳಿಗೆ ನುಂಗುತ್ತಿರುತ್ತಾರೆ. ಪ್ರೆಡ್ನಿಸೊಲೋನ್ ದಿನಕ್ಕೆ 10 ಮಿಲಿಗ್ರಾಂ ದಾಟಿದರೆ ಉತ್ತರ ಮಸುಕಾಗಬಹುದು ಅನ್ನೋದು ವೈದ್ಯರ ಸಾಮಾನ್ಯ ಲೆಕ್ಕ. ಹಾಗಂತ ಪರೀಕ್ಷೆಯೇ ವ್ಯರ್ಥ ಅನ್ನುವುದನ್ನು ನಾನು ಒಪ್ಪಲ್ಲ. ಗುಳಿಗೆಯ ನಡುವೆಯೂ ಗುಳ್ಳೆ ಎದ್ದರೆ ಅದಕ್ಕೆ ಬೆಲೆ ಇದೆ. ಏಳದಿದ್ದರೆ ಮಾತ್ರ ‘ಇಲ್ಲ’ ಅಂತ ಓದಬಾರದು. ಔಷಧವನ್ನು ರೋಗಿಯೇ ನಿಲ್ಲಿಸುವಂತೆಯೂ ಇಲ್ಲ, ಕಸಿಯಾದವರಿಗೆ ಕಿಡ್ನಿಯೇ ಕೈತಪ್ಪಬಹುದು. ವರದಿಯಲ್ಲಿ ಫಲಿತಾಂಶದ ಪಕ್ಕ ಔಷಧ, ಪ್ರಮಾಣ ಬರೆದಿದ್ದರೆ ಸಾಕಿತ್ತು.

ಎರಡು ವರ್ಷದ ನಂತರ ವೈದ್ಯರೇ ಗುಳಿಗೆ ಇಳಿಸಿ ಮತ್ತೆ ಪಟ್ಟಿ ಹಚ್ಚಿದರು. ನಾಲ್ಕನೇ ದಿನ ಒಂದು ಕಡೆ ಕೆಂಪಗೆ ಗುಳ್ಳೆ ಎದ್ದಿತ್ತು. ಬೆನ್ನು ಕಾಣದ ಮುತ್ಯಾ ನನ್ನ ಕೇಳಿದ್ರು, “ಯಾವುದ್ದವಾ ಅದು?”

“ಕಸದ್ದ, ಮುತ್ಯಾ.”