ಮಾರ್ಟಿನ್, ಲೂಯಿ

1823-1894. ಫ್ರಾನ್ಸಿನ ಗಡಿಯಾರ ತಯಾರಕ, ಕೆಥೊಲಿಕ ಸಂತ. ಲಿಸಿಯೋದ ಸಂತ ತೆರೇಸಳ ತಂದೆ. ಈತನೂ ಪತ್ನಿ ಜೆಲಿ ಗೆರೆನ್‌ಳೂ 2015ರಲ್ಲಿ ಒಟ್ಟಿಗೆ ಸಂತ ಪದವಿಗೇರಿದರು. ಗಂಡಹೆಂಡಿರು ಜೊತೆಯಾಗಿ ಈ ಗೌರವ ಪಡೆದದ್ದು ಅದೇ ಮೊದಲು.

ಸೇನಾಧಿಕಾರಿಯ ಮಗನಾಗಿ ಬೋರ್ಡೋದಲ್ಲಿ 1823ರ ಆಗಸ್ಟ್ 22ರಂದು ಹುಟ್ಟಿದ ಲೂಯಿ ಬೆಳೆದದ್ದು ನಾರ್ಮಂಡಿಯ ಅಲಾನ್ಸೋನ್ ಪಟ್ಟಣದಲ್ಲಿ. ಗಡಿಯಾರದ ಕಸುಬು ಕಲಿಯುತ್ತಿದ್ದಾಗಲೇ ಮನಸ್ಸು ಸನ್ಯಾಸದತ್ತ ಎಳೆಯಿತು. 1845ರಲ್ಲಿ ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡ್ ಮಠದ ಬಾಗಿಲು ತಟ್ಟಿದ. ಲ್ಯಾಟಿನ್ ಬಾರದವನನ್ನು ಮಠ ಸೇರಿಸಿಕೊಳ್ಳಲಿಲ್ಲ. 1850ರಲ್ಲಿ ಅಲಾನ್ಸೋನ್‌ನಲ್ಲಿ ಗಡಿಯಾರದ ಅಂಗಡಿ ತೆರೆದ. ಪೇಟೆಯಲ್ಲಿ ಗಿರಾಕಿಗಳು ಹೆಚ್ಚಿರುತ್ತಿದ್ದ ಭಾನುವಾರವೇ ಅದರ ಬಾಗಿಲು ಮುಚ್ಚಿರುತ್ತಿತ್ತು. ಬಿಡುವಿನಲ್ಲಿ ಗಾಳ ಹಾಕಿ ಹಿಡಿದ ಮೀನನ್ನು ಊರಿನ ಬಡ ಸನ್ಯಾಸಿನಿಯರ ಮಠಕ್ಕೆ ಕೊಟ್ಟುಬರುತ್ತಿದ್ದ.

ಲೇಸು ನೇಯುತ್ತಿದ್ದ ಜೆಲಿಯೂ ಮಠ ಸೇರಲು ಹೋಗಿ ಹಿಂದಿರುಗಿದವಳೇ. 1858ರ ಜುಲೈ 12ರ ರಾತ್ರಿ ಇಬ್ಬರ ಮದುವೆ ಕಾನೂನಿನಂತೆ ದಾಖಲಾಯಿತು. ನಡುರಾತ್ರಿ ಚರ್ಚಿನಲ್ಲಿ ವಿವಾಹ ಸಂಸ್ಕಾರ ನಡೆಯಿತು. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಉಳಿದ ಐವರು ಹೆಣ್ಣುಮಕ್ಕಳೂ ಮುಂದೆ ಸನ್ಯಾಸಿನಿಯರಾದರು. 1870ರಲ್ಲಿ ಲೂಯಿ ತನ್ನ ಅಂಗಡಿ ಮಾರಿ ಹೆಂಡತಿಯ ಲೇಸಿನ ವ್ಯಾಪಾರಕ್ಕೆ ಹೆಗಲು ಕೊಟ್ಟ. 1877ರ ಆಗಸ್ಟ್ 28ರಂದು ಜೆಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಕಿರಿಯ ಮಗಳು ತೆರೇಸಳಿಗೆ ನಾಲ್ಕೂವರೆ ವರ್ಷ. ಮಕ್ಕಳಿಗೆ ಸೋದರಮಾವನ ಆಸರೆ ಸಿಗಲೆಂದು ತಂದೆ ಅವರನ್ನು ಲಿಸಿಯೋಗೆ ಕರೆದೊಯ್ದ.

1887ರ ಪೆಂತೆಕೊಸ್ತ್ ಹಬ್ಬದ ದಿನ, ಮನೆಯ ತೋಟದಲ್ಲಿ ಹದಿನಾಲ್ಕರ ತೆರೇಸ ಕಾರ್ಮೆಲ್ ಮಠ ಸೇರುವ ಆಸೆಯನ್ನು ತಂದೆಗೆ ಹೇಳಿದಳು. ಹಿರಿಯ ಹೆಣ್ಣುಮಕ್ಕಳಿಬ್ಬರು ಆಗಲೇ ಆ ಮಠದಲ್ಲಿದ್ದರು. ಲೂಯಿ ಅತ್ತ, ಆದರೆ ತಡೆಯಲಿಲ್ಲ. ಗಿಡ್ಡ ಗೋಡೆಯ ಮೇಲೆ ಬೆಳೆದಿದ್ದ ಪುಟ್ಟ ಬಿಳಿ ಹೂವೊಂದನ್ನು ಬೇರುಸಹಿತ ಕಿತ್ತು ಅವಳ ಕೈಗಿಟ್ಟ. ಅವಳು ಅದನ್ನು ಪುಸ್ತಕದ ಹಾಳೆಗಳ ನಡುವೆ ಜೋಪಾನ ಮಾಡಿ, ತನ್ನನ್ನೇ ಆ ಪುಟ್ಟ ಹೂವಿಗೆ ಹೋಲಿಸಿಕೊಂಡಳು. ಕರ್ನಾಟಕದ ಶಾಲೆಗಳ ಮೇಲೆ ಕಾಣುವ ‘ಲಿಟ್ಲ್ ಫ್ಲವರ್’ ಎಂಬ ಹೆಸರು ಅವಳದೇ. ಅದೇ ವರ್ಷ ಲೂಯಿ ಅವಳನ್ನು ರೋಮಿಗೂ ಕರೆದೊಯ್ದ; ಹದಿಮೂರನೆಯ ಲಿಯೋ ಪೋಪರ ಮುಂದೆ ಅವಳು ಎಳೆಯ ವಯಸ್ಸಿನಲ್ಲೇ ಮಠ ಸೇರಲು ಅನುಮತಿಯ ಕೋರಿಕೆ ಇಟ್ಟಳು. 1888ರ ಏಪ್ರಿಲ್ 9ರಂದು ಮಠ ಸೇರಿದಳು.

ಅದಾಗಲೇ ಲೂಯಿಯ ಮಿದುಳಿನ ರಕ್ತನಾಳಗಳ ಕಾಯಿಲೆ ಉಲ್ಬಣಿಸುತ್ತಿತ್ತು. ಮರೆವು ಕವಿಯಿತು, ಒಮ್ಮೆ ಯಾರಿಗೂ ಹೇಳದೆ ಮನೆ ಬಿಟ್ಟು ಹೋದ. 1889ರ ಫೆಬ್ರುವರಿಯಲ್ಲಿ ಕಾನ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಗಳನ್ನು ಮಠಕ್ಕೆ ಬಿಟ್ಟ ಕೊರಗೇ ಇದಕ್ಕೆ ಕಾರಣವೆಂದು ಊರು ಆಡಿಕೊಂಡಿತು. ಮೂರು ವರ್ಷಗಳ ನಂತರ ಮನೆಗೆ ಮರಳಿದವನನ್ನು 1892ರ ಮೇ 12ರಂದು ಮಠಕ್ಕೆ ಕರೆತಂದಾಗ, ಬೀಳ್ಕೊಡುವ ಹೊತ್ತಿಗೆ ಬೆರಳೆತ್ತಿ ಮೇಲೆ ತೋರಿದ. ಇನ್ನು ಸ್ವರ್ಗದಲ್ಲೇ ಭೇಟಿ ಎಂಬುದು ಅದರ ಅರ್ಥ. 1894ರ ಜುಲೈ 29ರಂದು ಎವ್ರೋ ಬಳಿಯ ಲಾ ಮ್ಯೂಸ್‌ನಲ್ಲಿ ತೀರಿಕೊಂಡ.

1898ರಲ್ಲಿ ಪ್ರಕಟವಾದ ತೆರೇಸಳ ಆತ್ಮಕಥೆ ಈ ತಂದೆಯನ್ನು ಲೋಕಕ್ಕೆ ಪರಿಚಯಿಸಿತು. ದಂಪತಿಯನ್ನು 2008ರ ಅಕ್ಟೋಬರ್ 19ರಂದು ಲಿಸಿಯೋದಲ್ಲಿ ಪುನೀತರೆಂದು ಘೋಷಿಸಲಾಯಿತು. 2015ರ ಅಕ್ಟೋಬರ್ 18ರಂದು ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಮಠ ಸೇರಿಸಿಕೊಳ್ಳದವನ ಮನೆಯೇ ಮಠವಾಯಿತು. ಸಾಮಾನ್ಯವಾಗಿ ಸಂತರ ಹಬ್ಬ ಬೀಳುವುದು ಅವರು ತೀರಿಕೊಂಡ ದಿನ. ಈ ದಂಪತಿಯ ಹಬ್ಬ ಜುಲೈ 12, ಅವರ ಮದುವೆಯ ದಿನ.