ಪರದೆಯ ಮುಂದೆ ಕುಳಿತವರು ಯಾರು?



ಚನ್ನಗಿರಿಯ ಕಡೆ ಅಡಿಕೆ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದಾಗ ಮನೆಗೊಂದು ಹೊಸ ಟಿ.ವಿ. ತರುವ ಮಾತು ಏಳುವುದುಂಟು. ಹೊನ್ನಾಳಿ, ನ್ಯಾಮತಿಗಳಲ್ಲಿ ಅದು ಭತ್ತದ ಹಣ. ಜಗಳೂರಿನಲ್ಲಾದರೆ, ಮಳೆ ಕೈಕೊಡದಿದ್ದರೆ, ಮೆಕ್ಕೆಜೋಳದ ಹಣ. ಅಂಗಡಿಗೆ ಹೊರಡುವ ಮುನ್ನ ಅಪ್ಪ ಕೇಳುವುದು ನಿಮ್ಮನ್ನೇ: “ನೀನು ಓದ್ತಾ ಇದೀಯ, ಯಾವುದು ಒಳ್ಳೇದು ಹೇಳಪ್ಪ.”

ಅಂಗಡಿಯಲ್ಲಿ ಎಲ್‌ಇಡಿ, ಓಎಲ್‌ಇಡಿ, 4ಕೆ, 60 ಹರ್ಟ್ಸ್, 120 ಹರ್ಟ್ಸ್ ಎಂಬ ಪದಗಳು ಆಲಿಕಲ್ಲಿನಂತೆ ಸುರಿಯುತ್ತವೆ. ನಿಮ್ಮ ಮನಸ್ಸಿನಲ್ಲಿರುವುದು ವಿಡಿಯೋ ಗೇಮ್. ಅಮ್ಮನಿಗೆ ಸಂಜೆಯ ಧಾರಾವಾಹಿ, ಅಪ್ಪನಿಗೆ ವಾರ್ತೆ ಮತ್ತು ಕ್ರಿಕೆಟ್. ಒಂದೇ ಪರದೆ ಇಷ್ಟು ಜನಕ್ಕೂ ಒಗ್ಗೀತೇ? ಉತ್ತರ ಹುಡುಕಲು ಪರದೆಯ ಇತಿಹಾಸವನ್ನು ಸ್ವಲ್ಪ ತಿರುವಿ ನೋಡೋಣ.

ನಮ್ಮ ನಾಡಿನ ಹಳ್ಳಿಗಳಿಗೆ ದೊಡ್ಡ ಪ್ರಮಾಣದಲ್ಲಿ ದೂರದರ್ಶನ ಬಂದದ್ದು 1975ರ ಆಗಸ್ಟ್ 1ರಂದು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಒಂದು ವರ್ಷ ನಡೆಯಿತು. ಕರ್ನಾಟಕದಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಆಯ್ಕೆಯಾದವು. ಒಂದು ಕಪ್ಪು-ಬಿಳುಪು ಪೆಟ್ಟಿಗೆ, ಅದರ ಮುಂದೆ ನೆರೆದ ಊರು. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತಾದರೂ ಅದರ ಅಲೆಗಳು ನಮ್ಮ ಈ ಊರುಗಳವರೆಗೆ ಬರುವಂತಿರಲಿಲ್ಲ. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಕಕ್ಷೆ ಸೇರಿ, ಮರುವರ್ಷದಿಂದ ದೇಶದ ಊರೂರಿನಲ್ಲಿ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಎದ್ದ ಮೇಲೆ, ಒಳನಾಡಿನ ಮನೆಗಳ ಮೇಲೂ ಆಂಟೆನಾ ಕಾಣತೊಡಗಿತು.

1988ರ ಅಕ್ಟೋಬರ್‌ನಲ್ಲಿ ‘ಮಹಾಭಾರತ’ ಧಾರಾವಾಹಿ ಶುರುವಾದಾಗ ನಾನು ಹೊನ್ನಾಳಿಯಲ್ಲಿ ಪ್ರಾಥಮಿಕ ಶಾಲೆಯ ಹುಡುಗ. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ನಡುಮನೆ ಜನರಿಂದ ತುಂಬುತ್ತಿತ್ತು. ತಡವಾಗಿ ಹೋದ ನನಗೆ ಸಿಗುತ್ತಿದ್ದುದು ಬಾಗಿಲ ಪಕ್ಕದ ಮೂಲೆ. ಆದರೆ ಆ ಮೂಲೆಯಿಂದಲೂ ಅರ್ಜುನನ ಮುಖ ನಿಚ್ಚಳವಾಗಿ ಕಾಣುತ್ತಿತ್ತು. ಅದಕ್ಕೆ ಕಾರಣ ತಿಳಿದದ್ದು ಮುಂದೆ ವಿಜ್ಞಾನ ಓದುವಾಗ.

ಆ ಪೆಟ್ಟಿಗೆಯೊಳಗಿದ್ದುದು ಪಿಕ್ಚರ್ ಟ್ಯೂಬ್. ಇದರ ಮೂಲರೂಪವನ್ನು ಜರ್ಮನಿಯ ಫರ್ಡಿನೆಂಡ್ ಬ್ರೌನ್ 1897ರಲ್ಲಿ ರೂಪಿಸಿದ. ಗಾಜಿನ ಕೊಳವೆಯ ಹಿಂಬದಿಯಿಂದ ಎಲೆಕ್ಟ್ರಾನುಗಳ ಕಿರಣ ಚಿಮ್ಮಿ, ಮುಂಬದಿಯ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಲೇಪನಕ್ಕೆ ಬಡಿಯುತ್ತದೆ. ಬಡಿದ ಕಡೆ ಬೆಳಕು ಮೂಡುತ್ತದೆ. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿ ನೋಡಿ: ಕಿರಣ ಸೆಕೆಂಡಿಗೆ 15,625 ಗೆರೆ ಎಳೆಯಬೇಕು! ಫಾಸ್ಫರ್ ತಾನೇ ಬೆಳಗುವುದರಿಂದ ಅದರ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆ. ಬಾಗಿಲ ಮೂಲೆಯ ಹುಡುಗನಿಗೂ ಅದರ ಪಾಲು ಸಿಗುತ್ತಿದ್ದುದು ಹೀಗೆ.

ಈಗ ಆಟದ ವಿಷಯಕ್ಕೆ ಬರೋಣ. 1990ರ ದಶಕದಲ್ಲಿ ಕ್ಯಾಸೆಟ್ ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳು ನಮ್ಮ ಪೇಟೆಗಳಿಗೂ ಬಂದವು. ಅವುಗಳ ಜೊತೆ ಒಂದು ಪ್ಲಾಸ್ಟಿಕ್ ಬಂದೂಕು. ಪರದೆಯ ಮೇಲೆ ಹಾರುವ ಬಾತುಕೋಳಿಗೆ ಗುರಿಯಿಡಬೇಕು. ಜಪಾನಿನ ನಿಂಟೆಂಡೊ ಸಂಸ್ಥೆ 1984ರಲ್ಲಿ ಹೊರತಂದ ‘ಡಕ್ ಹಂಟ್’ ಆಟ ಅದು. ನಿಮ್ಮ ಮನೆಯ ಅಟ್ಟದ ಮೇಲೆ ಆ ಬಂದೂಕು ಇನ್ನೂ ಇದ್ದರೆ ಇಂದಿನ ಟಿ.ವಿ.ಗೆ ಜೋಡಿಸಿ ನೋಡಿ. ಎಷ್ಟು ಗುರಿಯಿಟ್ಟರೂ ಬಾತುಕೋಳಿ ಬೀಳುವುದಿಲ್ಲ. ಏಕೆ?

ಆ ಬಂದೂಕು ಗುಂಡು ಹಾರಿಸುವುದಿಲ್ಲ, ಬೆಳಕನ್ನು ನೋಡುತ್ತದೆ. ಕುದುರೆ ಒತ್ತಿದೊಡನೆ ಪರದೆ ಒಂದು ಕ್ಷಣ ಕಪ್ಪಾಗಿ, ಮರುಕ್ಷಣ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮೂಡುತ್ತದೆ. ಆ ಬೆಳಕು ನಿಗದಿತ ಕ್ಷಣದಲ್ಲೇ ಕಂಡರೆ ಗುರಿ ತಗುಲಿತೆಂದು ಲೆಕ್ಕ. ಪಿಕ್ಚರ್ ಟ್ಯೂಬ್ ಸಂಕೇತ ಬಂದಂತೆಯೇ ಗೆರೆ ಎಳೆಯುತ್ತದೆ. ಇಂದಿನ ಟಿ.ವಿ.ಯಾದರೋ ಇಡೀ ಚಿತ್ರವನ್ನು ಮೊದಲು ತನ್ನ ನೆನಪಿನಲ್ಲಿಟ್ಟು, ಹಿಗ್ಗಿಸಿ, ಬಣ್ಣ ತಿದ್ದಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಬಂದೂಕಿನ ಕ್ಷಣ ಮುಗಿದಿರುತ್ತದೆ.

ಈ ತಡ ಎಷ್ಟು ದೊಡ್ಡದು? 50 ಮಿಲಿಸೆಕೆಂಡ್, ಎಂದರೆ ಸೆಕೆಂಡಿನ 20ನೇ ಒಂದು ಭಾಗ ಎಂದಿಟ್ಟುಕೊಳ್ಳಿ. ಗಂಟೆಗೆ 140 ಕಿ.ಮೀ. ವೇಗದ ಚೆಂಡು ಅಷ್ಟರಲ್ಲಿ ಸುಮಾರು 2 ಮೀಟರ್ ಸಾಗಿರುತ್ತದೆ. ಕ್ರಿಕೆಟ್ ಗೇಮ್‌ನಲ್ಲಿ ನೀವು ಬ್ಯಾಟ್ ಬೀಸುವ ಹೊತ್ತಿಗೆ ವಿಕೆಟ್ ಬಿದ್ದಿರುತ್ತದೆ. ಆದರೆ ನಿಜವಾದ ಪಂದ್ಯದ ನೇರಪ್ರಸಾರ ನೋಡುವ ಅಪ್ಪನಿಗೆ ಈ ತಡ ಲೆಕ್ಕಕ್ಕೇ ಇಲ್ಲ. ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಸಂಕೇತ ಮೇಲೆ ಹೋಗಿ ಕೆಳಗೆ ಬರಲು ಕಾಲು ಸೆಕೆಂಡ್ ಬೇಕೇ ಬೇಕು. ಅದನ್ನು ಯಾರೂ ಗಮನಿಸುವುದಿಲ್ಲ, ಏಕೆಂದರೆ ನೋಡುವವನು ಚೆಂಡಿಗೆ ಉತ್ತರ ಕೊಡಬೇಕಾಗಿಲ್ಲ.

ಇಂದಿನ ಬಹುತೇಕ ಪರದೆಗಳು ಎಲ್‌ಸಿಡಿ, ಅಂದರೆ ದ್ರವಸ್ಫಟಿಕದವು. ‘ಎಲ್‌ಇಡಿ ಟಿ.ವಿ.’ ಎಂದು ಮಾರುವುದೂ ಸಾಮಾನ್ಯವಾಗಿ ಇದೇ. ಹಿಂದಿನ ದೀಪ ಮಾತ್ರ ಎಲ್‌ಇಡಿ. ದ್ರವಸ್ಫಟಿಕವನ್ನು 1888ರಲ್ಲಿ ಮೊದಲು ಗುರುತಿಸಿದವನು ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್. ಇದು ತಾನೇ ಬೆಳಗುವುದಿಲ್ಲ; ಹಿಂದಿನ ದೀಪದ ಬೆಳಕನ್ನು ಕಿಟಕಿಯ ಪಡಕಿನಂತೆ ಬಿಡುತ್ತದೆ, ತಡೆಯುತ್ತದೆ. ಆದ್ದರಿಂದ ಮೊದಮೊದಲ ಎಲ್‌ಸಿಡಿಗಳಲ್ಲಿ ಎದುರಿಗೆ ಕುಳಿತವರಿಗೆ ಚೆಂದದ ಚಿತ್ರ, ಪಕ್ಕದಲ್ಲಿ ಕುಳಿತವರಿಗೆ ಮಂಕು ಬಣ್ಣ.

ಈ ತೊಂದರೆಯನ್ನು ತಗ್ಗಿಸಿದ ಕಥೆಯಲ್ಲಿ ಕನ್ನಡ ನಾಡಿಗೂ ಪಾಲಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1977ರಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಅದುವರೆಗೆ ತಿಳಿದಿದ್ದುದು ಮುಖ್ಯವಾಗಿ ಕಡ್ಡಿಯಾಕಾರದ ಅಣುಗಳು. ಚಂದ್ರಶೇಖರ್ ಅದಕ್ಕೂ ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಇಂಥ ಬಿಲ್ಲೆ ಅಣುಗಳ ತೆಳುಪೊರೆಯನ್ನು ಪರದೆಗೆ ಅಂಟಿಸಿ, ಪಕ್ಕದಿಂದಲೂ ಚಿತ್ರ ಚೆನ್ನಾಗಿ ಕಾಣುವಂತೆ ಮಾಡಿತು.

ನಡುವೆ ಪ್ಲಾಸ್ಮಾ ಪರದೆ ಬಂದು ಹೋಯಿತು. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಅದನ್ನು ದೊಡ್ಡ ತಯಾರಕರು 2014ರ ಹೊತ್ತಿಗೆ ಕೈಬಿಟ್ಟರು. ಓಎಲ್‌ಇಡಿಯ ಮೂಲ 1987ರಲ್ಲಿ ಕೊಡಾಕ್ ಸಂಸ್ಥೆಯ ಟ್ಯಾಂಗ್ ಮತ್ತು ವ್ಯಾನ್ ಸ್ಲೈಕ್ ಪ್ರಕಟಿಸಿದ ಸಂಶೋಧನೆ. ಇದರ ಪ್ರತಿ ಚುಕ್ಕೆಯೂ ಹಳೆಯ ಫಾಸ್ಫರಿನಂತೆ ತಾನೇ ಬೆಳಗುತ್ತದೆ. ಕಪ್ಪು ನಿಜವಾದ ಕಪ್ಪು, ಪಕ್ಕದ ನೋಟವೂ ಸೊಗಸು, ವೇಗವೂ ಹೆಚ್ಚು. ಆದರೆ ಬೆಲೆ ಜಾಸ್ತಿ. ಗೇಮ್‌ನ ಸ್ಕೋರ್ ಪಟ್ಟಿಯೋ ವಾಹಿನಿಯ ಲಾಂಛನವೋ ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಅದರ ಅಚ್ಚು ಪರದೆಯಲ್ಲಿ ಉಳಿಯುವ ಭಯವೂ ಇದೆ.

ಹಾಗಾದರೆ ಅಪ್ಪನಿಗೆ ಏನು ಹೇಳುತ್ತೀರಿ? 60 ಹರ್ಟ್ಸ್ ಪರದೆಯಲ್ಲಿ ಹೊಸ ಚಿತ್ರ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಬರುತ್ತದೆ, 120 ಹರ್ಟ್ಸ್‌ನಲ್ಲಿ 8.3ಕ್ಕೊಮ್ಮೆ. ವೇಗದ ಆಟ ಆಡುವವರಿಗೆ ಇದು ಲಾಭ. ಆದರೆ ನಮ್ಮ ಪ್ರಸಾರ ಈಗಲೂ 50 ಹರ್ಟ್ಸ್ ಪದ್ಧತಿಯದೇ. ಧಾರಾವಾಹಿಗಾಗಿ 120ಕ್ಕೆ ಹಣ ಸುರಿಯಬೇಕಿಲ್ಲ. ಎಲ್‌ಸಿಡಿಯೇ ಇರಲಿ, ‘ಗೇಮ್ ಮೋಡ್’ ಹಾಕಿದರೆ ಟಿ.ವಿ. ತಿದ್ದುವ ಕೆಲಸ ಕಡಿಮೆ ಮಾಡಿ ತಡವನ್ನು ತಗ್ಗಿಸುತ್ತದೆ. ಹಗಲೆಲ್ಲ ಬಾಗಿಲು ತೆರೆದಿಟ್ಟು ಬಿಸಿಲು ಒಳಬರುವ ಜಗಳೂರಿನ ಮನೆಗೆ ಪ್ರಕಾಶ ಹೆಚ್ಚಿರುವ ಎಲ್‌ಸಿಡಿ ಸಾಕು. ಎಲ್‌ಸಿಡಿಯಲ್ಲೂ ‘ಐಪಿಎಸ್’ ಎಂಬ ಬಗೆ ಪಕ್ಕದ ನೋಟಕ್ಕೆ ಒಳ್ಳೆಯದು, ‘ವಿಎ’ ಎಂಬುದು ಕತ್ತಲ ಕೋಣೆಯ ಸಿನಿಮಾಕ್ಕೆ.

ಅಂಗಡಿಯವರು ನಿಮ್ಮನ್ನು ಪರದೆಯ ನಟ್ಟನಡುವೆ ನಿಲ್ಲಿಸಿ ತೋರಿಸುತ್ತಾರೆ. ನೀವು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು, ಸ್ವಲ್ಪ ಕೆಳಗೆ ಕುಳಿತು ನೋಡಿ. ಮನೆಯಲ್ಲಿ ಅಜ್ಜಿ ಗೋಡೆಗೊರಗಿ ಕುಳಿತುಕೊಳ್ಳುವುದು ಸುಮಾರು ಅದೇ ಜಾಗದಲ್ಲಿ. ಅಲ್ಲಿಂದಲೂ ಚಿತ್ರ ಸರಿಯಾಗಿ ಕಂಡರೆ, ಆಮೇಲೆ ಬೆಲೆ ಕೇಳಿ.